ರಾಜ ಜಿಗಿದ ಸುದ್ದಿ

ರಾಯದುರ್ಗ
೧೭-೮-೨೦೨೩

ಮಡಕಶಿರದ ಮೊಂಡು ರಾಜರಿಗೆ, ನಿಮ್ಮವಳ ನಮಸ್ಕಾರ.

ಫೋನಿದ್ದೂ ಕಾಗದ ಯಾಕೆ ಅನ್ನಬೇಡಿ. ಫೋನ್ ಹಿಡಿದರೆ ನಾನು ಅಳುತ್ತೇನೆ, ನೀವು ಸುಮ್ಮನಿರುತ್ತೀರಿ, ಅಲ್ಲಿಗೆ ಮುಗಿಯಿತು. ಲಕ್ವ ಹೊಡೆದು ನಿಮ್ಮ ಮಾತು ನಿಂತಾಗ, ಬುದ್ಧಿ ಎಷ್ಟು ಉಳಿದಿದೆಯೋ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು. ರಜೆ ಮುಗಿದು ನಾನು ಇಲ್ಲಿನ ಜೀನ್ಸ್ ಯೂನಿಟ್ಟಿಗೆ ಹೊರಟ ದಿನವೂ ನೀವು ನನ್ನನ್ನು ಗುರುತಿಸಿದಿರೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ನಮ್ಮ ಚೆಸ್ ಮತ್ತೆ ಶುರುವಾಯಿತು. ಮೊದಲಿನ ಹಾಗೆಯೇ ಮೆಸೇಜಿನಲ್ಲಿ, ದಿನಕ್ಕೊಂದು ನಡೆ. ಕುಣಿಯಬೇಕಿತ್ತು, ಅನುಮಾನ ಬಂತು. ಫೋನ್ ಇರುವುದು ಮಗಳ ಕೈಯಲ್ಲಿ. ಕಾಲೇಜಿನ ಪ್ರಾಜೆಕ್ಟಿಗೆಂದು ರಮ್ಯ ನಿಮ್ಮ ಹಳೆಯ ಆಟಗಳನ್ನು ಕಂಪ್ಯೂಟರಿಗೆ ತುಂಬಿಸಿ, ಗೆಲ್ಲುವುದನ್ನಲ್ಲ, ಮನುಷ್ಯರಂತೆ ಆಡುವುದನ್ನು ಕಲಿಸುತ್ತಿದ್ದಳಲ್ಲ? "ಅಪ್ಪ ಎಲ್ಲೆಲ್ಲಿ ಎಡವ್ತಾರೋ ಅಲ್ಲೇ ಅದೂ ಎಡವ್ತೈತೆ ಕಣಮ್ಮ, ನೀನೇ ಮೋಸ ಹೋಗ್ತೀಯ" ಎಂದು ನಕ್ಕಿದ್ದಳು.

ನಿಮ್ಮ ಮಂತ್ರಿ ಎಂದಿನ ಆತುರದಲ್ಲೇ ಹೊರಬಂದ. ಕುದುರೆಯನ್ನು ಎಂದಿನಂತೆ ಮರೆತಿರಿ. ಇದು ನೀವೋ, ನಿಮ್ಮನ್ನು ಕಲಿತ ಯಂತ್ರವೋ? ನನ್ನ ಸಮಾಧಾನಕ್ಕೆ ಮಗಳು ಆಡಿಸುತ್ತಿದ್ದಾಳೋ? ಕೇಳಲು ಧೈರ್ಯವಾಗಲಿಲ್ಲ. ಗಂಡನ ಬದಲು ಗಣಕದ ಜೊತೆ ಸಂಸಾರ ಎಂದುಕೊಂಡು ಜೀನ್ಸಿಗೆ ಗುಂಡಿ ಸರಿಯಿದೆಯೇ ಎಂದು ನೋಡುತ್ತ ಕೂತೆ.

ನಿನ್ನೆ ನಿಮ್ಮ ರಾಜ ಕುದುರೆಯ ಹಾಗೆ ಜಿಗಿದ! ಗುಂಡಿ ನೋಡುವವಳ ಗುಂಡಿಗೆ ನಿಂತೇಹೋಯಿತು. ಆಟಕ್ಕೊಮ್ಮೆ ರಾಜ ಹಾಗೆ ಹಾರಬಹುದೆಂಬುದು ನಿಮ್ಮೂರ ಅರಳಿಕಟ್ಟೆಯ ಕಾನೂನು. "ಈ ಹಳ್ಳಿ ರೂಲ್ಸ್ ಕಂಪ್ಯೂಟರ್ ಒಪ್ಪಾಕಿಲ್ಲ" ಎಂದು ರಮ್ಯ ಅಂಥ ಆಟಗಳನ್ನೆಲ್ಲ ತೆಗೆದುಹಾಕಿದ್ದಳು. ಅಂದರೆ ಜಿಗಿಸಿದ್ದು ನೀವೇ.

ನಕ್ಕೆ, ನಗುತ್ತಲೇ ಅತ್ತೆ. ಪಕ್ಕದ ಮಿಷಿನ್ನಿನ ಮೈಲಾರಮ್ಮ ಓಡಿಬಂದಳು. "ಯಾಕ್ರೀ ಅಕ್ಕಾ, ಏನಾತ್ರಿ?" ನಮ್ಮೆಜಮಾನರು ಜಿಗಿದರು ಅಂದೆ. "ಲಕ್ವ ಹೊಡದೈತಿ ಅಂದಿದ್ರಲ್ರೀ, ಎಲ್ಲಿಂದ ಜಿಗದ್ರು?" ಎಂದು ಅವಳೂ ಅಳಲು ಕೂತಳು.

ನುಡಿ ಹೋದರೂ ನಡೆ ಇದೆ. ಮಾತಿಲ್ಲದಿದ್ದರೂ ಮತಿ ಇದೆ. ನನಗೆ ಇಷ್ಟು ಸಾಕು.

ಇವತ್ತು ಹೊಟ್ಟೆತುಂಬ ಉಂಡಿರುವ,
ಶಿವಲೀಲಾ

ಇನ್ನೊಂದು: ಒಮ್ಮೆ ಚೆಕ್ ತಿಂದ ರಾಜ ಜಿಗಿಯುವಂತಿಲ್ಲ. ಅದೂ ನಿಮ್ಮ ಕಟ್ಟೆಯದೇ ಕಾನೂನು. ನಾನು ಸೋಮವಾರವೇ ಚೆಕ್ ಕೊಟ್ಟಿದ್ದೆ, ನೀವು ಗೊತ್ತಿಲ್ಲದವರಂತೆ ಹಾರಿಸಿದಿರಿ. ಮದುವೆಯಾದಾಗಿನಿಂದ ಇದೇ ಕಳ್ಳಾಟ. ಈ ಜಿಗಿತ ನಾನು ಒಪ್ಪುವುದಿಲ್ಲ. ಬೇಕಿದ್ದರೆ ಬಾಯಿಬಿಟ್ಟು ಜಗಳಕ್ಕೆ ಬನ್ನಿ.