ಗಾಳಿ ನಿಂತಿದ್ದ ಇಪ್ಪತ್ತೈದು ನಿಮಿಷ

ಗುರುವಾರ, ಮಧ್ಯಾಹ್ನ ಎರಡೂ ಮುಕ್ಕಾಲು

ಪ್ರೀತಿಯ ಅಕ್ಕ,

ಮೊಳೆ ಹೊಡೆಯುವ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎಂದರೆ ಹಾಯಾಗಿ ಮಲಗಿದ್ದೆ ಅಂದುಕೊಳ್ಳಬೇಡ. ಮೂರು ರಾತ್ರಿಯಿಂದ ರೆಪ್ಪೆಗೆ ರೆಪ್ಪೆ ಹತ್ತಿಲ್ಲ. ಚೂಟಿಯನ್ನು ತಟ್ಟುತ್ತಾ ತಟ್ಟುತ್ತಾ ನನಗೇ ಹತ್ತು ನಿಮಿಷ ಜೋಂಪು ಹತ್ತಿತ್ತು. ಎದುರು ಮನೆಯವರು ಕಿಟಕಿಗಳಿಗೆ ಹಲಗೆ ಬಡಿಯುತ್ತಿದ್ದಾರೆ. ಹಲಗೆ ಸಾಲದೆ ಈಗ ಊಟದ ಮೇಜಿನ ಕಾಲು ಕಳಚಿ ಅದನ್ನೇ ಎತ್ತಿ ನಿಲ್ಲಿಸಿದ್ದಾರೆ. ಹೆಂಡತಿ ಕೆಳಗೆ ನಿಂತು, “ಇನ್ಮೇಲೆ ಊಟ ಗೋಡೆ ಮೇಲೇ ಬಡಿಸ್ತೀನಿ ನಿಮಗೆ” ಎನ್ನುತ್ತಿದ್ದಾಳೆ.

ಚೆನ್ನಾಗಿದ್ದೀಯಾ? ಎಂಟು ತಿಂಗಳಿಂದ ಒಂದು ಕಾಗದ ಹಾಕದವಳು ಇವತ್ತು ಹೀಗೆ ಕ್ಷೇಮ ವಿಚಾರಿಸುವುದಕ್ಕೆ ನನಗೇ ನಾಚಿಕೆ. ನಿನ್ನ ಮೂರು ಕಾಗದಗಳೂ ಮುಟ್ಟಿದವು. ನೀನು ಹೆಣೆದ ಸ್ವೆಟರೂ ಬಂತು. ತೋಳು ಗೇಣುದ್ದ ಜಾಸ್ತಿ, ಚೂಟಿ ಅದನ್ನು ಹಾಕಿಕೊಂಡು ಕೈ ಇಲ್ಲದವಳ ಹಾಗೆ ಮನೆಯೆಲ್ಲ ಓಡಾಡುತ್ತಾಳೆ. ಮಗುವಿಗೆ ನೆಗಡಿ, ಮನೆಗೆಲಸ, ಅದು ಇದು ಎಂದು ನೆಪ ಬರೆಯಲು ಕುಳಿತರೆ ಪುಟ ತುಂಬುತ್ತದೆ. ಬರೆಯುವುದಿಲ್ಲ. ಕ್ಷಮಿಸು.

ನೀನು ಹೇಳಿಕಳಿಸಿದ ಮಾತನ್ನು ಬಸ್ಸಿನ ಡ್ರೈವರ್ ಬೆಳಗ್ಗೆ ಮನೆತನಕ ಬಂದು ಹೇಳಿದರು. ನಿನ್ನ ಹಾಗೇ ಸೊಂಟಕ್ಕೆ ಕೈ ಕೊಟ್ಟುಕೊಂಡು: “ಯೋಚನೆ ಗೀಚನೆ ಬೇಡ, ಮಗೂನ ಎತ್ಕೊಂಡು ಸುಮ್ನೆ ಬಂದ್ಬಿಡು ಅಂದ್ರು ನಿಮ್ಮಕ್ಕ. ಟಿಕೆಟ್ ಕೌಂಟರ್ ಒಳಗಿಂದ ಅವರು ಕೂಗಿದ್ದಕ್ಕೆ, ಕ್ಯೂನಲ್ಲಿದ್ದೋರು ನನಗೇ ಬೈತಿದಾರೆ ಅನ್ಕೊಂಡ್ರು ಕಣಮ್ಮ.” ನಾಲ್ಕೂವರೆಗೆ ಇಲ್ಲಿಂದ ಹೊರಡುವಾಗ ನನಗೂ ಚೂಟಿಗೂ ಜಾಗ ಹಿಡಿದಿಡುತ್ತೇನೆ ಎಂದರು. “ಬೇಡ ಅಣ್ಣ, ಒಂದು ಕಾಗದ ಕೊಡ್ತೀನಿ, ಅದನ್ನ ಅಕ್ಕನ ಕೈಗೇ ಕೊಡಿ” ಎಂದೆ. “ನಾನು ಜನ ಸಾಗಿಸೋಣ ಅಂತ ಬಂದ್ರೆ ನೀವು ಕಾಗದ ಹತ್ತಿಸ್ತೀರಲ್ಲಮ್ಮ!” ಎಂದು ತಲೆ ಕೆರೆದುಕೊಂಡು ಹೋದರು. ರಾತ್ರಿ ಎಂಟಕ್ಕೆ ನಿಮ್ಮಲ್ಲಿಗೆ ಮುಟ್ಟುತ್ತಾರೆ. ನಾಳೆ ಬೆಳಗ್ಗೆ ಆರಕ್ಕೆ ಇಲ್ಲಿಂದ ಇನ್ನೊಂದು ಬಸ್ಸಿದೆ, ಅದೇ ಕೊನೆಯದು. ಆಮೇಲೆ ರಸ್ತೆ ಮುಚ್ಚುತ್ತಾರೆ. ಚಂಡಮಾರುತ ನಾಳೆ ಮಧ್ಯಾಹ್ನ ದಡ ಹತ್ತುತ್ತದಂತೆ.

ಇವರು ನಿನ್ನೆಯಿಂದ ಮನೆ ಕಡೆ ತಲೆ ಹಾಕಿಲ್ಲ. ಲೈನ್‌ಮನ್ನರಿಗೆಲ್ಲ ರಜೆ ರದ್ದು. ಕೆಳಗಿನ ದರ್ಜಿ ಅಂಗಡಿಗೆ ಫೋನ್ ಮಾಡಿ, “ಅಕ್ಕನ ಮನೆಗೆ ಹೋಗು. ನೀನಲ್ಲಿದೀಯ ಅಂತ ಗೊತ್ತಿದ್ರೆ ಕಂಬ ಹತ್ತುವಾಗ ನಾನು ಕೆಳಗೆ ನೋಡಲ್ಲ” ಎಂದರು. ಹೂಂ ಎಂದೆ. ದರ್ಜಿ ಕತ್ತರಿ ಹಿಡಿದು ಕಿವಿಯೆಲ್ಲ ನನ್ನ ಕಡೆಗೇ ಇಟ್ಟಿದ್ದರು. ಫೋನ್ ಇಡುವಷ್ಟರಲ್ಲಿ, “ಹೌದಮ್ಮಾ, ಅದೆಷ್ಟೊತ್ತು ಇರುತ್ತೆ ಈ ಗಾಳಿ? ನೀವು ಭೂಗೋಳ ಓದಿದೋರು” ಎಂದರು. ನನಗೆ ಗೊತ್ತಿಲ್ಲ, ರೇಡಿಯೋ ಕೇಳಿ ಎಂದೆ. “ಮತ್ತೆ ಆ ಡಿಗ್ರಿ ಏನು, ಗೋಡೆಗೆ ನೇತು ಹಾಕಕ್ಕಾ?” ಎಂದು ಮುಖ ಊದಿಸಿಕೊಂಡರು. ಎರಡು ದಿನದಿಂದ ಹೀಗೇ. ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ನಾನು ಗೊತ್ತಿಲ್ಲ ಎಂದು ಬಂದು ಬಾಗಿಲು ಹಾಕಿಕೊಳ್ಳುತ್ತೇನೆ.

ಚೂಟಿಯ ಹತ್ತಿರ ಮಾತ್ರ ಹಾಗೆ ನಡೆಯುವುದಿಲ್ಲ. ಮೂರು ವರ್ಷ ಎರಡು ತಿಂಗಳು ಈಗ ಅವಳಿಗೆ, ಬಾಯಿ ಬಿಟ್ಟರೆ ಪ್ರಶ್ನೆ. ಬೆಳಗ್ಗೆ ಸ್ನಾನ ಮಾಡಿಸುವಾಗ, “ಗಾಳಿ ಮನೆ ಎಲ್ಲಿ?” ಎಂದಳು. ಸಮುದ್ರದ ಮೇಲೆ ಎಂದೆ. ಬಿಸಿನೀರಿನ ಬಕೆಟ್ಟಿನ ಮೇಲೆ ಏಳುತ್ತಿದ್ದ ಆವಿ ತೋರಿಸಿದೆ. ತಿಂಗಳುಗಟ್ಟಲೆ ಬಿಸಿಲಿಗೆ ಸಮುದ್ರ ಹೀಗೇ ಕಾಯುತ್ತದೆ. ಆವಿ ಮೇಲೇರಿ, ತಣಿದು ಮೋಡವಾಗುವಾಗ ತನ್ನೊಳಗೆ ಬಚ್ಚಿಟ್ಟುಕೊಂಡ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಮತ್ತಷ್ಟು ಹಗುರಾಗಿ ಮತ್ತಷ್ಟು ಮೇಲೆ ಹೋಗುತ್ತದೆ. ಕೆಳಗೆ ಒತ್ತಡ ಕುಸಿದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಆದರೆ ಭೂಮಿ ತಿರುಗುತ್ತಿದೆಯಲ್ಲ, ನೆಟ್ಟಗೆ ನುಗ್ಗಲಾಗದೆ ಸುತ್ತತೊಡಗುತ್ತದೆ. ಸುತ್ತುತ್ತಾ ಇನ್ನಷ್ಟು ಆವಿ ಎಳೆದುಕೊಳ್ಳುತ್ತದೆ. ತಿಂದಷ್ಟೂ ಹಸಿವು. ನೆಲ ಸಿಕ್ಕಿ ಬಿಸಿನೀರು ತಪ್ಪಿದರೆ ಮಾತ್ರ ಸೊರಗಿ ಸಾಯುತ್ತದೆ. ಸಾಯುವ ಮೊದಲು ಸಿಕ್ಕಿದ್ದನ್ನೆಲ್ಲ ಕೆಡವುತ್ತದೆ. ಕೊನೆಯದನ್ನು ಮಗುವಿಗೆ ಹೇಳಲಿಲ್ಲ. ಅವಳು ಸೋಪಿನ ನೊರೆಯೊಳಗಿಂದ, “ಅದಕ್ಕೆ ಅಮ್ಮ ಇಲ್ವಾ?” ಎಂದಳು. ಇಲ್ಲ ಕಂದ ಎಂದೆ. “ಅದಕ್ಕೇ ಅಳುತ್ತೆ” ಎಂದಳು.

ಈಗ ಬೀದಿಯಲ್ಲಿ ಗಾಳಿಯೇ ಇಲ್ಲ, ಬರೀ ಸೆಕೆ. ಸಮುದ್ರದ ಕಡೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿದೆ. ಕಣ್ಣು ಮುಚ್ಚಿದರೆ ಮೂರು ವರ್ಷದ ಹಿಂದಿನ ಚಂಡಮಾರುತವೇ ಬರುತ್ತದೆ. ನಿನಗೆ ಹೇಳಬೇಕೇ? ಹಿಂದಿನ ದಿನದಿಂದ ಬಸ್ ನಿಲ್ದಾಣದಲ್ಲಿ ಜನರನ್ನು ಹತ್ತಿಸುತ್ತಾ ನೀನಲ್ಲೇ ಸಿಕ್ಕಿಕೊಂಡಿದ್ದೆ. ಮೂರನೇ ದಿನ ಸೊಂಟದುದ್ದ ನೀರಲ್ಲಿ ನಡೆದು ಮನೆಗೆ ಬಂದೆ. ತಗಡುಗಳು ಕಾಗದದ ಹಾಗೆ ಮುದುರಿ ಮರಕ್ಕೆ ಸಿಕ್ಕಿದ್ದವು. ಮರಗಳಲ್ಲಿ ಒಂದೆಲೆ ಉಳಿದಿರಲಿಲ್ಲ. ಕಡಲು ಎದ್ದು ನಾಲ್ಕು ಬೀದಿ ಒಳಗೆ ಬಂದಿತ್ತು. ಶಾಲೆಯ ಬೆಂಚಿನ ಮೇಲೆ ಮೀನು, ಬ್ಯಾಂಕಿನ ಮೆಟ್ಟಿಲ ಮೇಲೆ ದೋಣಿ. ವರ್ಷ ಕಳೆದರೂ ಬಾವಿಗಳ ನೀರು ಉಪ್ಪು ಬಿಡಲಿಲ್ಲ. ಸತ್ತವರ ಪಟ್ಟಿಯನ್ನು ಆಸ್ಪತ್ರೆಯ ಕಾಂಪೌಂಡಿಗೆ ಅಂಟಿಸಿದ್ದರು. ಭಾವನ ಹೆಸರಿನ ಮುಂದೆ ‘ಗಡಿಯಾರ ರಿಪೇರಿ’ ಎಂದು ಬರೆದಿದ್ದರು. ನೀನು ಅದನ್ನೇ ದಿಟ್ಟಿಸುತ್ತಾ ಒಂದು ಹನಿ ಕಣ್ಣೀರು ಹಾಕದೆ ನಿಂತಿದ್ದೆ.

ಆಮೇಲೆ ನೀನು ವರ್ಗ ಮಾಡಿಸಿಕೊಂಡು ಹೋದೆ. ಮೇಲಿನ ನಿಮ್ಮ ಮನೆಗೆ ಬೇರೆಯವರು ಬಂದರು. ಅವರು ಕುರ್ಚಿ ಎಳೆದರೆ ಈಗಲೂ ನೀನೇ ಎದ್ದೆ ಅನ್ನಿಸುತ್ತದೆ, ಚಹಾಕ್ಕೆ ಒಂದು ಲೋಟ ನೀರು ಜಾಸ್ತಿ ಇಡುತ್ತೇನೆ. ಇವರ ಹತ್ತಿರ ಹೇಳಿದರೆ, “ಹೋಗಿ ನಾಲ್ಕು ದಿನ ಇದ್ದು ಬಾ” ಎನ್ನುತ್ತಾರೆ. ಹೋಗಲಾರೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಎರಡು ಸಲ ನಿನಗೆ ಫೋನ್ ಮಾಡಿದ್ದೆ, ನಿನ್ನ “ಹಲೋ” ಕೇಳಿ ಇಟ್ಟುಬಿಟ್ಟೆ. ಯಾರೋ ಪುಂಡರು ಅಂದುಕೊಂಡಿರಬೇಕು ನೀನು. ಎರಡನೇ ಸಲ ಚೆನ್ನಾಗಿ ಉಗಿದೆ.

ನಿನ್ನ ಮೂರು ಕಾಗದದಲ್ಲೂ ಭಾವನಿಗೆ ಬೈಗುಳವೇ. “ಮನೆ ಬಿಟ್ಟು ಕದಲಬೇಡಿ ಎಂದು ಮೂರು ಸಲ ಫೋನಿನಲ್ಲಿ ಬಡಿದುಕೊಂಡಿದ್ದೆ. ಹೆಂಡತಿಯ ಮಾತೆಂದರೆ ಅಷ್ಟು ಸಸಾರ” ಎಂದು ಬರೆದಿದ್ದೀಯ. ಎದುರಿಗಿದ್ದರೆ ಜಗಳ ಬರುತ್ತದೆ ಎಂದು ಅವರ ಫೋಟೋ ಟ್ರಂಕಿನ ತಳದಲ್ಲಿಟ್ಟಿದ್ದೇನೆ ಎಂದು ಬರೆದಿದ್ದೀಯ. ಆ ಸಾಲು ಓದಿದ ಮೇಲೆ ನನ್ನಿಂದ ಉತ್ತರ ಬರೆಯಲಾಗಲಿಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡ. ಕೌಂಟರಿನಲ್ಲಿ ಇವತ್ತು ನೂಕುನುಗ್ಗಲು ಇರುತ್ತದೆ, ನಡುವೆ ಏನಾದರೂ ತಿನ್ನು. ಚೂಟಿ ನಿದ್ದೆಯಲ್ಲಿದ್ದಾಳೆ, ಅವಳ ಪರವಾಗಿ ನಾನೇ ಕಾಗದಕ್ಕೊಂದು ಮುತ್ತು ಒತ್ತಿದ್ದೇನೆ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ತಂಗಿ

ತಾ.ಕ.: ಕಾಗದ ಮಡಚಿದೆ, ಮತ್ತೆ ಬಿಚ್ಚಿದೆ. ಡ್ರೈವರ್ ಬರಲು ಇನ್ನು ಅರ್ಧ ಗಂಟೆಯಿದೆ.

ಭಾವ ನಿನ್ನ ಮಾತು ಮೀರಿ ಹೋಗಲಿಲ್ಲ ಅಕ್ಕ. ನಾನು ಕಳಿಸಿದೆ.

ಅವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ಗಾಳಿ ಇದ್ದಕ್ಕಿದ್ದಂತೆ ನಿಂತು ಬಿಸಿಲು ಬಂತು. ಚೂಟಿ ಎರಡು ತಿಂಗಳ ಕೂಸು, ಮೈ ಕೆಂಡ, ಜ್ವರದ ಔಷಧಿ ಸೀಸೆ ಖಾಲಿ. ಇವರು ಅವತ್ತೂ ಡ್ಯೂಟಿಗೆ ಹೋಗಿದ್ದರು, ಔಷಧಿ ಅಂಗಡಿ ಮೂರು ಬೀದಿ ಆಚೆ. ಭಾವ ಬಾಗಿಲಲ್ಲಿ ನಿಂತು, “ಮುಗೀತಾ ಪ್ರೊಫೆಸರ್?” ಎಂದರು. ಮುಗಿದಿಲ್ಲ, ನಾವು ಚಂಡಮಾರುತದ ಕಣ್ಣಿನೊಳಗಿದ್ದೀವಿ, ಅದು ದಾಟಿದರೆ ಇನ್ನೊಂದು ಮಗ್ಗುಲಿನ ಗಾಳಿ ಬಾಕಿಯಿದೆ ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಅವರು ಹೋಗುತ್ತಿರಲಿಲ್ಲ. “ಹಾಗಾದ್ರೆ ಬೇಡಪ್ಪ, ನಿಮ್ಮಕ್ಕನಿಗೆ ಮಾತು ಕೊಟ್ಟಿದೀನಿ” ಎಂದು ಚಪ್ಪಲಿ ಬಿಟ್ಟು ಕುಳಿತೇಬಿಟ್ಟಿದ್ದರು. ನಾನೇ ಪೆನ್ಸಿಲ್ ತೆಗೆದುಕೊಂಡೆ. ಕಣ್ಣಿನ ಅಗಲ ಮೂವತ್ತು ಕಿಲೋಮೀಟರ್, ಗಂಟೆಗೆ ಇಪ್ಪತ್ತರಂತೆ ಸಾಗುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಮೂವತ್ತನ್ನು ಇಪ್ಪತ್ತರಿಂದ ಭಾಗಿಸಿದೆ. “ಒಂದೂವರೆ ಗಂಟೆ ಇದೆ ಭಾವ, ಆರಾಮಾಗಿ ಹೋಗಿ ಬನ್ನಿ” ಎಂದೆ. ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಗಿತ್ತು ಅಕ್ಕ.

ಅದು ಕಣ್ಣಿನ ನಟ್ಟನಡುವೆ ಇರುವವರ ಲೆಕ್ಕ. ನಾವಿದ್ದದ್ದು ಅಂಚಿನಲ್ಲಿ. ದುಂಡು ತಟ್ಟೆಯ ನಡುವೆ ಗೆರೆ ಎಳೆದರೆ ಉದ್ದ, ಅಂಚಿನಲ್ಲಿ ಎಳೆದರೆ ಗಿಡ್ಡ. ಇಷ್ಟು ತೋಚಲಿಲ್ಲ ನನಗೆ. ಇಪ್ಪತ್ತೈದನೇ ನಿಮಿಷಕ್ಕೆ ಗಾಳಿ ಎದುರು ದಿಕ್ಕಿನಿಂದ ಬಂತು.

ಹತ್ತೇ ನಿಮಿಷಕ್ಕೆ ಅವರಿಗೆ ಔಷಧಿ ಸಿಕ್ಕಿತ್ತು. ವಾಪಸು ಬಂದುಬಿಡಬಹುದಿತ್ತು. ಅಂಗಡಿಯವರು ತಗಡು ಕಟ್ಟಲು ಒದ್ದಾಡುವುದು ನೋಡಿ, “ಹಿಡ್ಕೊಳ್ಳಿ, ನಾನು ಕಟ್ತೀನಿ, ಅವಸರ ಇಲ್ಲ. ನಮ್ಮ ಪ್ರೊಫೆಸರ್ ಒಂದೂವರೆ ಗಂಟೆ ಕೊಟ್ಟಿದಾಳೆ” ಎಂದರಂತೆ. ಆ ಅಂಗಡಿಯ ಗೋಡೆಯೇ ಅವರ ಮೇಲೆ ಬಿತ್ತು. ಅಂಗಡಿಯವರು ಊರು ಬಿಡುವ ಮುಂಚೆ ನನಗೊಬ್ಬಳಿಗೇ ಇದನ್ನು ಹೇಳಿ ಹೋದರು. ಚೂಟಿಯ ಜ್ವರ ಸಂಜೆಗೆ ತಾನಾಗಿಯೇ ಇಳಿಯಿತು.

ನೀನು ಬಂದು “ಯಾಕೆ ಹೋದರು?” ಎಂದಾಗ, “ಹೇಳದೆ ಹೋದರು” ಎಂದೆ. ಮೂರು ವರ್ಷ ನೀನು ಸತ್ತವರಿಗೆ ಬೈದೆ, ನಾನು ಬೈಯಿಸಿದೆ.

ಬೆಳಗ್ಗೆ ನನ್ನನ್ನು ಕರೆದದ್ದು ಇದು ಗೊತ್ತಿಲ್ಲದ ಅಕ್ಕ. ಗೊತ್ತಾದ ಮೇಲೂ ಕರೆಯುತ್ತೀಯಾ? ಇದನ್ನು ಹೇಳದೆ ನಿನ್ನ ಮನೆ ಹೊಸ್ತಿಲು ತುಳಿದು ನೀನು ಬಡಿಸಿದ್ದನ್ನು ಉಣ್ಣಲು ನನ್ನಿಂದಾಗದು. ಕರೆಯದಿದ್ದರೆ ಗುಡ್ಡದ ಮೇಲಿನ ಕಾಲೇಜಿನಲ್ಲಿ ತೆರೆದಿರುವ ಶಿಬಿರಕ್ಕೆ ಹೋಗುತ್ತೇವೆ. ಅಲ್ಲಿ ಮಗುವಿಗೆ ಅಪಾಯವಿಲ್ಲ, ಆ ಭಯಕ್ಕೆ ಮಣಿದು ಕರೆಯಬೇಡ. ಕಾಗದವನ್ನು ಕೌಂಟರಿನಲ್ಲಿ ಓದಿ ಅಲ್ಲೇ ಕುಸಿಯಬೇಡ, ಡ್ಯೂಟಿ ಮುಗಿಸಿ ಓದು. ಭಾವನಿಗೆ ಬೈಯುವುದನ್ನು ಮಾತ್ರ ಇವತ್ತಿಗೆ ನಿಲ್ಲಿಸು. ನನಗೆ ಬೈ. ಬಾಯಿಗೆ ಬಂದದ್ದೆಲ್ಲ ಬೈ. ದರ್ಜಿ ಅಂಗಡಿಯಲ್ಲಿ ಫೋನಿನ ಪಕ್ಕದಲ್ಲೇ ಚೂಟಿಯನ್ನು ಮಲಗಿಸಿಕೊಂಡು ಕೂತಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಬಾ ಅನ್ನು, ಬರಬೇಡ ಅನ್ನು. ಮಾತೇ ಆಡದೆ ಸುಮ್ಮನೆ ಹಿಡಿದುಕೊಂಡಿದ್ದರೂ ಸರಿ, ನೀನೇ ಎಂದು ನನಗೆ ಗೊತ್ತಾಗುತ್ತದೆ. ಆರಕ್ಕೆ ಬಸ್ಸು. ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡು ಅಕ್ಕ. ಮಾಡು.