ದೂರು ಕೊಡಬೇಕಾದ ನಂಬರ್

ಮಾರ್ಚ್ 4, ಬೆಳಿಗ್ಗೆ 11
ಬಿಲ್ ಪುಸ್ತಕ ಎರಡು, ಕರಪತ್ರ ಒಂದು. ಪ್ರೂಫ್ ನೋಡಿ ಮುಗಿಸಿದೆ. ಎದುರು ಮೇಜಿನಲ್ಲಿ ಪ್ರೆಸ್ಸಿನ ಮಾಲೀಕರು ಮೂರನೆಯ ಸಿಗರೇಟು ಹಚ್ಚಿದ್ದಾರೆ. ಕಿಟಕಿ ಮುಚ್ಚಿದೆ. ತೆರೆದರೆ ಕಾಗದ ಹಾರುತ್ತದಂತೆ! ಹದಿಮೂರು ವರ್ಷದಿಂದ ಇದೇ ನೆಪ. ಈ ಡೈರಿಯಲ್ಲಿ ಮಾತ್ರ ಅವನ ಹೆಸರು ಹೊಗೆಬಂಡಿ. ಇಲ್ಲಿ ಮರ್ಯಾದೆ ಕೊಡಬೇಕಿಲ್ಲ.

ಮಾರ್ಚ್ 9
ಡಾಕ್ಟರ್ ಸ್ಕ್ಯಾನ್ ನೋಡಿ ಕೇಳಿದರು: "ಎಷ್ಟು ವರ್ಷದಿಂದ ಸೇದ್ತೀರಮ್ಮ?"
ಒಂದು ದಿನವೂ ಇಲ್ಲ ಎಂದೆ. ನಂಬದೆ ಅಕ್ಕನ ಮುಖ ನೋಡಿದರು. ಶ್ವಾಸಕೋಶ ಅರ್ಧ ಹಾಳಾಗಿದೆ. ಹೋದದ್ದು ವಾಪಸ್ ಬರುವುದಿಲ್ಲವಂತೆ. ಅಕ್ಕ ಕೆಲಸ ಬಿಡು ಎಂದು ಅತ್ತಳು. ಬಿಡುತ್ತೇನೆ. ಸುಮ್ಮನೆ ಮಾತ್ರ ಬಿಡುವುದಿಲ್ಲ.

ಮಾರ್ಚ್ 11
ಆರೋಗ್ಯ ಇಲಾಖೆಯ ಮೇಡಂ ಪ್ರೆಸ್ಸಿಗೆ ಸರ್ವೆಗೆ ಬಂದಿದ್ದರು. ಸೇದುವವರಿಗೆ ಕಾನೂನು ಎಷ್ಟು ಗೊತ್ತು ಎಂದು ಕೇಳುವ ಫಾರಂ. ಕೆಲಸದ ಜಾಗದಲ್ಲಿ ಸೇದಬಾರದು, ಗೊತ್ತೇ? ಗೊತ್ತು. ದಂಡ? ಗೊತ್ತು. ಪಕ್ಕದಲ್ಲಿ ಕೂತವರ ಎದೆಗೂ ಹೊಗೆ ಹೋಗುತ್ತದೆ? ಅದೂ ಗೊತ್ತು.
"ಆ ಬೋರ್ಡ್ ಎಲ್ಲಾ ಪ್ರಿಂಟ್ ಹಾಕೋನೇ ನಾನು ಮೇಡಂ, ನಂಗೆ ಗೊತ್ತಿರಲ್ವಾ?" ಎಂದು ನಕ್ಕ ಹೊಗೆಬಂಡಿ. ಎಲ್ಲ ಪ್ರಶ್ನೆಗೂ ಟಿಕ್.
ಪಾಪ, ತಿಳಿಯದೆ ಮಾಡುತ್ತಾನೆ ಎಂದುಕೊಂಡಿದ್ದೆ ಇಷ್ಟು ವರ್ಷ. ಪೆದ್ದಿ ನಾನು. ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 18
ಇಲಾಖೆಯಿಂದ ಆರ್ಡರ್. ಧೂಮಪಾನ ನಿಷೇಧದ ಬೋರ್ಡು, ಆರುನೂರು. ಅರ್ಜೆಂಟಂತೆ, ಅವರು ಪ್ರೂಫ್ ಕೂಡ ಕೇಳಲಿಲ್ಲ. ಕೆಳಗಿನ ಸಾಲಿನಲ್ಲಿ, ಯಾರಾದರೂ ಸೇದಿದರೆ ದೂರು ಕೊಡಬೇಕಾದ ನಂಬರ್. ಅಲ್ಲಿ ಹೊಗೆಬಂಡಿಯ ಮೊಬೈಲ್ ನಂಬರ್ ಹಾಕಿಸಿದೆ.
ಅವನ ಪದ್ಧತಿ ಬಲ್ಲೆ... ಮೇಲಿನ ಸಾಲು ನೋಡುವುದು, ಕೆಳಗೆ 'ನೋಡಿದೆ' ಎಂದು ಬರೆದು ಸಹಿ ಎಳೆಯುವುದು. ಇಂದೂ ಅಷ್ಟೇ. ಸಹಿ ಎಳೆಯುವಾಗ ಸಿಗರೇಟಿನ ಬೂದಿ ಪ್ರೂಫ್ ಹಾಳೆಯ ಮೇಲೆ ಉದುರಿತು. ಊದಿ ಕೊಟ್ಟ. ಹಾಳೆ ನನ್ನ ಬ್ಯಾಗಿನಲ್ಲಿದೆ.

ಏಪ್ರಿಲ್ 6
ಬೋರ್ಡುಗಳು ಊರೆಲ್ಲ ಗೋಡೆ ಹತ್ತಿವೆ. ಬೆಳಿಗ್ಗೆಯಿಂದ ಹೊಗೆಬಂಡಿಗೆ ಮೂವತ್ತೊಂದು ಕರೆ. ಬಸ್ ನಿಲ್ದಾಣ, ಆಸ್ಪತ್ರೆ, ಕಾಲೇಜು. ಒಬ್ಬಾಕೆ ಬೈದದ್ದು ನನ್ನ ಮೇಜಿನವರೆಗೂ ಕೇಳಿಸಿತು. ನಂಬರ್ ಬದಲಾಯಿಸುವಂತಿಲ್ಲ, ಗಿರಾಕಿಗಳೆಲ್ಲ ಅದರಲ್ಲೇ. ಹಾಲು ಕುಡಿದಷ್ಟು ಸಂತೋಷ.

ಏಪ್ರಿಲ್ 8
ಗೊತ್ತಾಯಿತು ಅವನಿಗೆ. ಕೂಗಾಡಿದ. ಹಾಳೆ ತೆಗೆದು ಮುಂದಿಟ್ಟೆ.
"ಸಹಿ ನಿಮ್ದೇ ಸಾರ್. ನೋಡಿದೆ ಅಂತ ಬರ್ದಿದ್ದೀರಿ."
ಕೆಲಸದಿಂದ ತೆಗೆಯಲೂ ಇಲ್ಲ. ಇವಳು ಹಾಳೆ ಹಿಡಿದುಕೊಂಡು ಇಲಾಖೆಗೆ ಹೋದರೆ ಎಂಬ ಭಯ. ಕೂತು ಇನ್ನೊಂದು ಹಚ್ಚಿದ.

ಏಪ್ರಿಲ್ 19, ಸಂಜೆ 6
ಕರೆಗಳು ಅಭ್ಯಾಸವಾಗಿಹೋಗಿವೆ. ಕೇಳುತ್ತಾನೆ, ನೋಡೋಣ ಎನ್ನುತ್ತಾನೆ, ಫೋನ್ ಇಟ್ಟು ಮತ್ತೆ ಸೇದುತ್ತಾನೆ. ಇಷ್ಟೇನಾ ನನ್ನ ಸೇಡು?
ಮಧ್ಯಾಹ್ನ ಕೂತಲ್ಲಿಂದಲೇ ಆ ನಂಬರ್ ಒತ್ತಿದೆ. ಯಾರೆಂದು ನೋಡದೆ ಎತ್ತಿದ.
"ಹಲೋ, ಎಲ್ಲಿ ಸೇದ್ತಿದ್ದಾರೆ?"
"ನಿಮ್ಮ ಆಫೀಸಲ್ಲೇ ಸಾರ್."
ತಲೆಯೆತ್ತಿದ. ಹದಿಮೂರು ವರ್ಷದ ಮಾತು ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಕೆಮ್ಮು. ನಿಲ್ಲಲೇ ಇಲ್ಲ. ಅವನ ಕಿವಿಯಲ್ಲೂ ಅದೇ, ಎದುರಿಗೂ ಅದೇ. ಫೋನ್ ಇಡಲು ಹೋದ. ಇಡಬೇಡಿ ಎಂದು ಕೈಸನ್ನೆ ಮಾಡಿದೆ. ಕಿವಿಗೆ ಹಿಡಿದೇ ಕೂತ. ಬೆರಳ ನಡುವೆ ಸಿಗರೇಟು ತನ್ನಷ್ಟಕ್ಕೆ ಉರಿಯುತ್ತಿತ್ತು, ಬಾಯಿಗೆ ಹೋಗಲಿಲ್ಲ. ಕೇಳು. ಪೂರ್ತಿ ಕೇಳು ಎಂದುಕೊಂಡೆ. ಕೊನೆಗೆ ಅವನು ಎದ್ದು ಕಿಟಕಿಯ ಹತ್ತಿರ ಹೋಗಿ, ಚಿಲಕಕ್ಕೆ ಕೈ ಹಾಕಿ...
ಈಗಲೂ ಕೆಮ್ಮು ಬರುತ್ತಿದೆ. ಸ್ವಲ್ಪ ತಡೆದು ಬರೆಯುತ್ತೇನೆ—