ಗಮನಿಸಿದೆ, ಫೈಲಿಗೆ

7-2-1983, ಸೋಮವಾರ
8.40ಕ್ಕೆ ಆಸ್ಪತ್ರೆ. ಸಂಜಯನಗರದ ಬಸ್ಸು ತಡ. ಕೋಣೆಯ ಬೀಗ ತೆಗೆಯುವಾಗ ವಾರ್ಡಿನಿಂದ ನಗು. ಸರ್ಜನ್ ಶಿವಶರಣಪ್ಪ ರೌಂಡ್ಸಿನಲ್ಲಿ. ಹಿಂದೆ ನೋಟ್‌ಬುಕ್ ಹಿಡಿದು ತ್ರಿವಿಕ್ರಮ — ನನ್ನ ಆಫೀಸಿನ ಅಸಿಸ್ಟೆಂಟ್. ಇದು ಮೂರನೇ ವಾರ. ಬೇಕಾದ್ದನ್ನು ಅಲ್ಲೇ ಬರೆದುಕೊಳ್ಳುತ್ತಾನೆ, ಮಧ್ಯಾಹ್ನದೊಳಗೆ ಒದಗಿಸುತ್ತಾನೆ. ಡಿಸೆಂಬರಿನಲ್ಲಿ ಸಾಮಾನಿಲ್ಲದೆ ಮುಂದೂಡಿದ ಆಪರೇಷನ್ ಒಂಬತ್ತು. ಅವನು ಹೋಗಲು ಶುರುಮಾಡಿದ ಮೇಲೆ ಸೊನ್ನೆ. ಅಂಕಿ ಸರಿಯೇ. ನಾನೇ ಎಣಿಸಿದ್ದು.

ಒಂಬತ್ತು ವರ್ಷದಿಂದ ಇಲ್ಲಿ ಆಡಳಿತಾಧಿಕಾರಿ. ಈ ಡಾಕ್ಟರು ನನ್ನ ಜೊತೆ ಮಾತಾಡಿದ್ದೆಲ್ಲ ಚೀಟಿಯಲ್ಲಿ. ರೌಂಡ್ಸಿಗೆ ಒಂದು ದಿನವೂ ಕರೆಯಲಿಲ್ಲ.

10-2
ಡಾಕ್ಟರ ಡಬ್ಬಿಯಿಂದ ತ್ರಿವಿಕ್ರಮ ಜೋಳದ ರೊಟ್ಟಿ ಮುರಿಯುತ್ತಿದ್ದ. ಬನ್ನಿ ಸಾರ್ ಅಂದ. ಹಸಿವಿಲ್ಲ ಅಂದೆ. ಹಸಿವಿತ್ತು.

14-2, ಸಂಜೆ 4.30
ನಾಳೆಯ ಆಪರೇಷನ್ನಿಗೆ ಹೊಲಿಗೆ ದಾರ ಬೇಕೆಂದು ಇಂಡೆಂಟ್ ಬಂತು. ತ್ರಿವಿಕ್ರಮನ ಕೈಬರಹ, ಡಾಕ್ಟರ ಸಹಿ. ಎರಡೇ ಪ್ರತಿ. ನಿಯಮದಂತೆ ಮೂರು ಬೇಕು. ವಾಪಸ್ ಕಳಿಸಿದೆ. ಇಬ್ಬರೂ ಆಗಲೇ ಮನೆಗೆ ಹೋಗಿದ್ದರು... ಗೊತ್ತಿತ್ತು. ಸ್ಟೋರಿನ ಬೀಗದ ಕೈ ನನ್ನ ಜೇಬಿನಲ್ಲಿ.

15-2
ಬೆಳಗ್ಗೆ ಏಳೂವರೆಯ ಹರ್ನಿಯಾ ಆಪರೇಷನ್ ಆಗಲಿಲ್ಲ. ದಾರವಿಲ್ಲ. ತಣಿಸಂದ್ರದ ಮುನಿಕೆಂಪಮ್ಮ, ವಯಸ್ಸು ಅರವತ್ತು, ನಿನ್ನೆ ರಾತ್ರಿಯಿಂದ ಹನಿ ನೀರು ಕುಡಿದಿಲ್ಲ. ಬೆಂಚಿನ ಮೇಲೆ ಕೂತಿದ್ದಳು.

"ಸಾಮಿ, ಇನ್ನೂ ಎಷ್ಟೊತ್ತು ಇಂಗೇ ಇರ್ಬೇಕು?"

ಇವತ್ತಿಲ್ಲ ಅಂದೆ. ಕ್ಯಾಂಟೀನಿನಿಂದ ಇಡ್ಲಿ, ಕಾಫಿ ತರಿಸಿಕೊಟ್ಟೆ.

ಮೂರನೇ ಪ್ರತಿ ಮರೆತದ್ದು ತನ್ನದೇ ತಪ್ಪು ಎಂದು ತ್ರಿವಿಕ್ರಮ ಒಪ್ಪಿಕೊಂಡ. ಮೂರನೇ ಪ್ರತಿ ಬರೆಸಿಕೊಂಡು ದಾರ ಕೊಟ್ಟೆ. ಆಮೇಲೆ ಡಾಕ್ಟರು ನನ್ನ ಕೋಣೆಗೆ ಬಂದರು. ಕೂಗಾಡಲಿಲ್ಲ.

"ಜಯಸಿಂಹ ಅವರ, ಮೊದಲ ನಿಮ್ಮನ್ನೇ ಕರದಿದ್ದೆ ನಾನು. ಎಪ್ಪತ್ನಾಲ್ಕರಾಗ. ಫೈಲ್ ತಗದು ನೋಡ್ರಿ."

ನೋಡಿದೆ. ಅವರ ಚೀಟಿ ಇದೆ. ಬೆಳಗಿನ ರೌಂಡ್ಸಿಗೆ ತಾವೂ ಬರಬೇಕು, ಸಾಮಾನಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಎಂದು. ಕೆಳಗೆ ನನ್ನ ಅಕ್ಷರ — ಗಮನಿಸಿದೆ. ಫೈಲಿಗೆ.

17-2, ಗುರುವಾರ
8.00ಕ್ಕೇ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತೆ. ಡಾಕ್ಟರು "ಬರ್ರಿ" ಅಂದರು, ಅಷ್ಟೇ. ನೋಟ್‌ಬುಕ್ ಈಗಲೂ ತ್ರಿವಿಕ್ರಮನ ಕೈಯಲ್ಲೇ. ಯಾವ ಮಂಚದಲ್ಲಿ ಯಾರು, ಅವನಿಗೆ ಬಾಯಿಪಾಠ. ಹೊಟ್ಟೆ ಉರಿಯಿತು.

ಮುನಿಕೆಂಪಮ್ಮನ ಆಪರೇಷನ್ ನಿನ್ನೆ ಆಗಿದೆ. ನನ್ನನ್ನು ಗುರುತಿಸಿದಳು. ಡಾಕ್ಟರಿಗೆ ಹೇಳಿದಳು:

"ಅವತ್ತು ನಂಗೆ ಕಾಫಿ ಕೊಡ್ಸಿದೋರು ಇವ್ರೇ. ದ್ಯಾವ್ರಂತೋರು."

ಡಾಕ್ಟರು ನನ್ನ ಮುಖ ನೋಡಿದರು. ಅಲ್ಲಮ್ಮ, ಆ ದಾರದ ಇಂಡೆಂಟು... ಎಂದು ಶುರು ಮಾಡಿದೆ. ಬರೆದುಕೊಳ್ಳುವುದೇನೋ ಇದೆಯೆಂದು ತ್ರಿವಿಕ್ರಮ ಪೆನ್ನಿನ ಮುಚ್ಚಳ ತೆಗೆದ. ಬರ್ಕೊ ಅಂದೆ, ನೀವಿಬ್ಬರೂ ಮನೆಗೆ ಹೋದದ್ದು ಗೊತ್ತಿದ್ದೇ ಅದನ್ನು ವಾಪಸ್ ಕಳಿಸಿದ್ದು ನಾನು.